ಬ್ರಾಕೆಟ್ಟಿನೊಳಗಿನ ಸಾಲು

ಲೋ ಗೆಳೆಯಾ,

ಹೋದ ಸಲ ಬರೆದಾಗ ಮೂರು ಪುಟ ಬರೀ ಗೊಣಗಿದ್ದೆ, ನೆನಪಿರಬೇಕು. ಒಂದು ಸೆಮಿಸ್ಟರ್‌ಗೆ ಏಳು ಕಾದಂಬರಿ, ಒಂದರಲ್ಲೂ ಕಥೆ ಅನ್ನೋದೇ ಇಲ್ಲ, ಈ ಆಧುನಿಕ ಕಾದಂಬರಿ ಪೇಪರ್ ಯಾಕಾದರೂ ತಗೊಂಡೆನೋ ಅಂತ. ಈಗ ಐದು ಮುಗಿದಿವೆ. ಒಂದು ಅರ್ಧಕ್ಕೆ ನಿಂತಿದೆ. ಗೊಣಗಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಅರ್ಧಕ್ಕೆ ನಿಂತಿರುವುದು ಯಾವುದು ಅಂತ ನೀನೇ ಊಹಿಸಿರುತ್ತೀಯ. ಜಾಯ್ಸ್‌ನ 'ಯುಲಿಸಿಸ್', 1922ರಲ್ಲಿ ಬಂದದ್ದು. 1904ರ ಜೂನ್ 16ರಂದು ಡಬ್ಲಿನ್‌ನಲ್ಲಿ ಶುರುವಾಗಿ ರಾತ್ರಿ ಕಳೆಯುವಷ್ಟರಲ್ಲಿ ಮುಗಿಯುತ್ತದೆ. ಆ ಒಂದು ದಿನ ಓದೋಕೆ ನನಗೆ ಒಂದು ತಿಂಗಳು ಸಾಲಲಿಲ್ಲ. ಮೂರನೇ ಅಧ್ಯಾಯದಲ್ಲಿ ಒಬ್ಬ ಸಮುದ್ರದ ದಡದಲ್ಲಿ ನಡೆಯುತ್ತಾನೆ. ಅವನ ತಲೆಯೊಳಗೆ ಓಡುವುದನ್ನೆಲ್ಲ ಹಿಡಿಯೋಕೆ ಹೋಗಿ ನಾನೇ ಮುಳುಗಿದೆ. ಆಮೇಲೆ ಕಳ್ಳನ ಹಾಗೆ ಕೊನೆಯ ಅಧ್ಯಾಯಕ್ಕೆ ಹಾರಿದೆ. ರಾತ್ರಿ ಹಾಸಿಗೆಯಲ್ಲಿ ಮಲಗಿರುವ ಹೆಂಗಸೊಬ್ಬಳ ಮನಸ್ಸು ಅದು. ಪುಟಗಟ್ಟಲೆ ಹೋದರೂ ಒಂದು ಕಾಮಾ ಇಲ್ಲ, ಫುಲ್‌ಸ್ಟಾಪ್ ಇಲ್ಲ. ಬಾಗಿಲು ಹಾಕಿಕೊಂಡು ಜೋರಾಗಿ ಓದಿ ನೋಡಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಬಾಯಿ ತಾನಾಗಿಯೇ ನಿಂತಿತು. ಹಾಗಂತ ಪುಸ್ತಕ ಮುಗಿಸಿದೆ ಅಂತ ಪರೀಕ್ಷೆಯಲ್ಲಿ ಸುಳ್ಳು ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಕಾಫ್ಕಾನ 'ದ ಟ್ರಯಲ್' ಎರಡೇ ದಿನಕ್ಕೆ ಮುಗಿಯಿತು. ಮೂವತ್ತನೇ ಹುಟ್ಟುಹಬ್ಬದ ಬೆಳಿಗ್ಗೆ ಒಬ್ಬನನ್ನು ಕಾರಣ ಹೇಳದೆ ಬಂಧಿಸುತ್ತಾರೆ, ಮೂವತ್ತೊಂದು ತುಂಬುವ ಹಿಂದಿನ ರಾತ್ರಿ ಕೊಲ್ಲುತ್ತಾರೆ. ಕಾರಣ ಕೊನೆಗೂ ಗೊತ್ತಾಗುವುದಿಲ್ಲ. ನಾವೆಲ್ಲ ಮುಖ ಗಂಟು ಹಾಕಿಕೊಂಡು ಚರ್ಚೆ ಮಾಡಿದ್ದೇ ಮಾಡಿದ್ದು. ಆದರೆ ಇದರ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಕಾಫ್ಕಾ ನಗು ತಡೆಯಲಾರದೆ ನಡುನಡುವೆ ನಿಲ್ಲಿಸಬೇಕಾಗುತ್ತಿತ್ತಂತೆ. ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿಟ್ಟಿದ್ದಾನೆ. ನಮ್ಮ ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ, ನೋಡು.

ನಾನು ಬರೆಯೋಕೆ ಕೂತದ್ದು ಇವುಗಳ ಬಗ್ಗೆ ಅಲ್ಲ. ವರ್ಜೀನಿಯಾ ವುಲ್ಫ್ ಬರೆದ 'ಟು ದ ಲೈಟ್‌ಹೌಸ್' ಬಗ್ಗೆ. 1927ರದ್ದು. ಒಂದು ದೊಡ್ಡ ಕುಟುಂಬ ರಜೆಗೆ ಅಂತ ದ್ವೀಪವೊಂದಕ್ಕೆ ಬಂದಿದೆ. ಆರು ವರ್ಷದ ಹುಡುಗನಿಗೆ ಮರುದಿನ ದೋಣಿಯಲ್ಲಿ ಲೈಟ್‌ಹೌಸಿಗೆ ಹೋಗುವ ಆಸೆ. ಹವೆ ಚೆನ್ನಾಗಿದ್ದರೆ ಹೋಗೋಣ ಅನ್ನುತ್ತಾಳೆ ತಾಯಿ. ಚೆನ್ನಾಗಿರಲ್ಲ ಅನ್ನುತ್ತಾನೆ ತಂದೆ. ಕೈಗೊಂದು ಕೊಡಲಿ ಸಿಕ್ಕಿದ್ದರೆ ಅಪ್ಪನನ್ನು ಅಲ್ಲೇ ಮುಗಿಸಿಬಿಡುತ್ತಿದ್ದೆ ಅಂತ ಹುಡುಗನಿಗೆ ಅನಿಸುತ್ತದೆ. ಪುಸ್ತಕದ ಅರ್ಧಕ್ಕಿಂತ ಜಾಸ್ತಿ ಈ ಒಂದೇ ಸಂಜೆ.

ಆ ಸಂಜೆಯ ತುಂಬ ತಾಯಿಯೇ, ಮಿಸೆಸ್ ರಾಮ್ಸೆ. ಮಕ್ಕಳ ಕೋಣೆಯ ಗೋಡೆಯ ಮೇಲೆ ಒಂದು ಹಂದಿಯ ತಲೆಬುರುಡೆ. ಮಗಳಿಗೆ ಅದನ್ನು ನೋಡಿದರೆ ಭಯ, ನಿದ್ದೆ ಬರಲ್ಲ. ಅದನ್ನು ಮುಟ್ಟಿದರೆ ಮಗ ಕೂಗಾಡುತ್ತಾನೆ. ತಾಯಿ ಏನು ಮಾಡುತ್ತಾಳೆ ಹೇಳು? ತಾನು ಹೊದ್ದ ಶಾಲು ತೆಗೆದು ಬುರುಡೆಗೆ ಸುತ್ತಿಬಿಡುತ್ತಾಳೆ. ಮಗನಿಗೆ ಬುರುಡೆ ಅಲ್ಲೇ ಇದೆ. ಮಗಳಿಗೆ ಕಾಣುತ್ತಿಲ್ಲ. ಇಬ್ಬರೂ ಮಲಗುತ್ತಾರೆ.

ಆಮೇಲೆ ಎರಡನೇ ಭಾಗ. ಕೆಲವೇ ಪುಟಗಳಲ್ಲಿ ಹತ್ತು ವರ್ಷ ಕಳೆಯುತ್ತದೆ. ಮನೆಯಲ್ಲಿ ಜನ ಇಲ್ಲ, ಬರೀ ಗಾಳಿ, ಮಳೆ, ಕತ್ತಲೆ. ನಾನು ಓದುತ್ತಿದ್ದದ್ದೂ ಮಧ್ಯರಾತ್ರಿ, ತೂಕಡಿಸಿಕೊಂಡು. ಅಲ್ಲಲ್ಲಿ ಬ್ರಾಕೆಟ್ ಹಾಕಿದ ಒಂದೆರಡು ಸಾಲು ಬರುತ್ತಿತ್ತು. ಬ್ರಾಕೆಟ್‌ನಲ್ಲಿ ಇರುವುದು ಮುಖ್ಯ ಅಲ್ಲ ಅಂತ ನನ್ನ ಲೆಕ್ಕ. ಕಣ್ಣು ಹಾರಿಸಿಕೊಂಡು ಮುಂದೆ ಹೋದೆ.

ಮರುದಿನ ಕ್ಲಾಸಿನಲ್ಲಿ ಮೇಡಂ ಕೇಳಿದರು, ಮಿಸೆಸ್ ರಾಮ್ಸೆ ಸಾವು ಓದುವಾಗ ಏನನಿಸಿತು ಅಂತ. "ಯಾವಾಗ ಸತ್ತರು ಮೇಡಂ?" ಅಂದೆ. ಇಡೀ ಕ್ಲಾಸ್ ನಕ್ಕಿತು. ಮೇಡಂ ನಗಲಿಲ್ಲ. ಪುಟ ತೆಗೆದು ನನ್ನ ಮುಂದೆ ಇಟ್ಟರು.

ಬ್ರಾಕೆಟ್‌ನಲ್ಲಿ ಒಂದೇ ವಾಕ್ಯ. ಕತ್ತಲೆಯ ಬೆಳಿಗ್ಗೆ ಗಂಡ ಮನೆಯೊಳಗಿನ ಓಣಿಯಲ್ಲಿ ಎಡವುತ್ತ ಬರುತ್ತಾನೆ, ಕೈ ಚಾಚುತ್ತಾನೆ. ಹೆಂಡತಿ ಹಿಂದಿನ ರಾತ್ರಿ ಹಠಾತ್ತಾಗಿ ಸತ್ತಿದ್ದಾಳೆ. ಚಾಚಿದ ಕೈ ಖಾಲಿ. ಇಷ್ಟೇ. ಆ ವಾಕ್ಯ ಕೂಡ ಅವಳದ್ದಲ್ಲ ಕಣೋ, ಗಂಡನ ಕೈಗಳದ್ದು. ಅವಳ ಸಾವು ಅದರ ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಮುಂದೆ ಒಬ್ಬ ಮಗಳು ಹೆರಿಗೆಗೆ ಸಂಬಂಧಿಸಿದ ಯಾವುದೋ ಕಾಯಿಲೆಯಿಂದ ಸಾಯುತ್ತಾಳೆ, ಒಬ್ಬ ಮಗ ಯುದ್ಧದಲ್ಲಿ. ಅವರಿಗೂ ಬ್ರಾಕೆಟ್. ಮನೆಗೆ ಬಂದುಹೋಗುತ್ತಿದ್ದ ಮುದುಕನೊಬ್ಬನ ಕವನ ಸಂಕಲನಕ್ಕೆ ಒಳ್ಳೆ ಹೆಸರು ಬರುತ್ತದೆ. ಅದಕ್ಕೂ ಅದೇ ಬ್ರಾಕೆಟ್!

ನನಗೆ ಸಿಟ್ಟು ಬಂತು. ಯಾಕೆಂದರೆ ಬ್ರಾಕೆಟ್‌ನ ಹೊರಗೆ, ಆರಾಮಾಗಿ, ಆ ಶಾಲಿನ ವಿಷಯ ಬರುತ್ತದೆ. ಬುರುಡೆಗೆ ಸುತ್ತಿದ ಶಾಲಿನ ಒಂದು ಮಡಿಕೆ ಸಡಿಲವಾಗಿ ಗಾಳಿಗೆ ತೂಗಾಡುತ್ತದೆ. ಇನ್ನೊಂದಿಷ್ಟು ಪುಟ ಕಳೆದ ಮೇಲೆ ಇನ್ನೊಂದು ಮಡಿಕೆ. ಶಾಲಿಗೆ ಕೊಟ್ಟಷ್ಟು ಜಾಗ ಆ ಹೆಂಗಸಿಗೆ ಇಲ್ಲವಾ ಅಂತ ಕ್ಲಾಸಿನಲ್ಲೇ ವಾದ ಮಾಡಿದೆ. (ಅವಳು ಸತ್ತದ್ದೇ ಗೊತ್ತಿಲ್ಲದವನು ವಾದಕ್ಕೆ ಮಾತ್ರ ಮುಂದೆ.)

ವುಲ್ಫ್‌ಗೆ 13 ವರ್ಷ ಇದ್ದಾಗ, 1895ರಲ್ಲಿ, ತಾಯಿ ತೀರಿಕೊಂಡಿದ್ದಳು. ನಲವತ್ತು ದಾಟಿದರೂ ತಾಯಿಯ ದನಿ ಕಿವಿಯಲ್ಲಿತ್ತು, ಈ ಕಾದಂಬರಿ ಬರೆದ ಮೇಲೆ ನಿಂತುಹೋಯಿತು ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಬರೆಯುವ ಮುಂಚೆ ನೋಟ್‌ಬುಕ್‌ನಲ್ಲಿ ಪುಸ್ತಕದ ಆಕಾರ ಬಿಡಿಸಿದ್ದಳು: ಎರಡು ದೊಡ್ಡ ತುಂಡು, ನಡುವೆ ಒಂದು ಓಣಿ. ಇದನ್ನೆಲ್ಲ ಮೇಡಂ ಹೇಳಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ರೂಮಿಗೆ ಬಂದು ಆ ಪುಟಗಳನ್ನು ಮತ್ತೆ ಓದಿದೆ. ಶಾಲಿನ ಸಾಲು ಬಂತು. ಅದನ್ನು ಮತ್ತೆ ಬಿಗಿಯಾಗಿ ಸುತ್ತುವವರು ಆ ಮನೆಯಲ್ಲಿ ಯಾರೂ ಇಲ್ಲ ಅಂತ ಆಗ ಹೊಳೆಯಿತು. ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಅದಾದ ಮೇಲೆ ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಬಂತು, 1958ರದ್ದು. ಒಕೊಂಕ್ವೊ ಅನ್ನುವ ಒಬ್ಬ ಮನುಷ್ಯನ ಜೊತೆ ಇಡೀ ಕಾದಂಬರಿ ಬದುಕುತ್ತೇವೆ. ಕೊನೆಗೆ ಅವನು ನೇಣು ಹಾಕಿಕೊಳ್ಳುತ್ತಾನೆ. ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ವಾಪಸ್ ಹೋಗುತ್ತ ತಾನು ಬರೆಯಲಿರುವ ಪುಸ್ತಕದ ಬಗ್ಗೆ ಯೋಚಿಸುತ್ತಾನೆ. ಇವನ ಬಗ್ಗೆ ಒಂದು ಅಧ್ಯಾಯ ಬರೆಯಬಹುದೇನೋ. ಬೇಡ, ಒಂದು ಪ್ಯಾರಾ ಸಾಕು. ಈ ಸಲ ನಾನು ಎಚ್ಚರವಾಗಿ ಓದುತ್ತಿದ್ದೆ, ಆದ್ದರಿಂದ ಸರಿಯಾಗಿಯೇ ತಾಗಿತು.

ಆ ರಾತ್ರಿ, ಯಾಕೋ ಏನೋ, ನಿನ್ನ ಹಳೆ ಪತ್ರ ತೆಗೆದೆ. ನಾನು ಗೊಣಗಿ ಉತ್ತರ ಬರೆದಿದ್ದೆನಲ್ಲ, ಅದೇ ಪತ್ರ. ಸ್ಕಾಲರ್‌ಷಿಪ್ ಇನ್ನೂ ಬಂದಿಲ್ಲ ಅಂತ ಬರೆದಿದ್ದೀಯ. ರೂಮ್ ಬದಲಾಯಿಸಿದ್ದು, ಹೊಸ ರೂಮಿನ ಕಿಟಕಿ ಮುಚ್ಚೋಕೆ ಬರದೆ ಇರೋದು, ಎಲ್ಲ ಬರೆದಿದ್ದೀಯ. ನಡುವೆ, ಬ್ರಾಕೆಟ್‌ನಲ್ಲಿ: ಅಜ್ಜಿ ಹೋಗಿಬಿಟ್ಟರು, ಅದಕ್ಕೇ ಬರೆಯೋಕೆ ತಡವಾಯಿತು. ಆಮೇಲೆ ನನ್ನ ಹಳೆ ನೋಟ್ಸ್ ಕೇಳಿದ್ದೀಯ.

ನಾನು ನೋಟ್ಸ್ ಕಳಿಸಿದೆ. ಕಿಟಕಿಯ ಬಗ್ಗೆ ಒಂದು ಜೋಕ್ ಕೂಡ ಮಾಡಿದ್ದೆ.

ಅವರು ಕೊನೆಯವರೆಗೂ ನನ್ನನ್ನು ನಿನ್ನ ತಮ್ಮನ ಹೆಸರಿನಿಂದಲೇ ಕರೆದರು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಆ ಹೆಸರಿಗೇ ಓಗೊಡುವುದು ರೂಢಿಯಾಯಿತು. ನಿನ್ನ ತಮ್ಮನೂ ನಾನೂ ಒಟ್ಟಿಗೆ "ಏನಜ್ಜೀ" ಅಂದರೆ ಬಿದ್ದು ಬಿದ್ದು ನಗೋರು.

ಹೇಗಾಯಿತು? ನೀನು ಜೊತೆಯಲ್ಲಿ ಇದ್ದೆಯಾ? ಬರೆಯೋಕೆ ಮನಸ್ಸಿಲ್ಲದಿದ್ದರೆ ಬಿಡು, ಭಾನುವಾರ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಗೆಳೆಯ