ಬಚ್ಚಲುಮನೆಗೆ ಟೈಲ್ಸ್ ಹಾಕಿಸುವ ಅಳಿಯನಿಗೆ

ಚಿರಂಜೀವಿ ಪುಟ್ಟುವಿಗೆ ಕೊಪ್ಪದಿಂದ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಬೇಕು, ಹೊಳವಾಗಲಿ ಅಂತ ಕಾಯುತ್ತಾ ಇದ್ದೇವೆ.

ಬಚ್ಚಲುಮನೆಯ ಫೋಟೋಗಳನ್ನು ನೋಡಿದೆ. ಗೌರಿ ಹಬ್ಬಕ್ಕೆ ಬಂದಾಗ ಹತ್ತು ದಿನದ ರಜೆಯಲ್ಲಿ ಟೈಲ್ಸ್ ಹಾಕಿಸಿ ಮುಗಿಸಿಬಿಡುತ್ತೇನೆ ಅಂದಿದ್ದೀಯ. ಅಕ್ಕನಿಗೆ, ಅಂದರೆ ನಿನ್ನ ಅಮ್ಮನಿಗೆ, ಮಂಡಿನೋವು. ಆ ಹಳೇ ಕಲ್ಲಿನ ನೆಲದಲ್ಲಿ ಅವಳು ಕಷ್ಟಪಡುವುದನ್ನು ನೋಡಿ ನಿನಗೆ ಹೀಗೆ ಅನಿಸಿತಲ್ಲ, ಓದಿ ನನಗೆ ಕಣ್ಣು ತುಂಬಿತು. ಆದರೆ ಪುಟ್ಟು, ಈ ಹಬ್ಬಕ್ಕೆ ಕೆಲಸ ಹಿಡಿಯಬೇಡ. ಸಂಕ್ರಾಂತಿ ಕಳೆಯುವ ತನಕ ತಡಿ. ಯಾಕೆ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

1999ರಲ್ಲಿ ನಾನೂ ಹೀಗೇ ಅವಸರ ಮಾಡಿದೆ. ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆ ಇತ್ತು. ಅದು ಮುಗಿದ ಮೇಲೆ ಬಚ್ಚಲಿನ ಕೆಲಸ ಹಿಡಿದೆವು. ಜೂನ್ ಎರಡನೇ ವಾರಕ್ಕೆ ಟೈಲ್ಸ್ ಕೂತಿತು. ಮಣ್ಣಿನ ಗೋಡೆಗೆ ಸಿಮೆಂಟ್ ಸಾರಣೆ, ಅದರ ಮೇಲೆ ನೆಲದಿಂದ ಮಾಡಿನವರೆಗೂ ಬಿಳಿ ಟೈಲ್ಸ್. ಬಂದವರೆಲ್ಲ ನೋಡಿ ಹೊಗಳಿದರು. ಮೂರನೇ ಮಳೆಗಾಲಕ್ಕೆ ಆಚೆ ಬದಿಯಲ್ಲಿದ್ದ ಅಮ್ಮನ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಯಿತು. ಸುಣ್ಣ ಪುಡಿಪುಡಿಯಾಗಿ ಉದುರಲು ಶುರುವಾಯಿತು. ಹಾಸಿಗೆ ಎಲ್ಲ ಬೂಸಲು ವಾಸನೆ. ಒಂದು ರಾತ್ರಿ ದಡ್ ಅಂತ ಸದ್ದು ಕೇಳಿಸಿತು. ಲಾಟೀನು ಹಿಡಿದು ಹೋಗಿ ನೋಡಿದರೆ ಒಂದಿಡೀ ಗೋಡೆಯ ಟೈಲ್ಸ್ ಸಾರಣೆ ಸಮೇತ ಹಪ್ಪಳದಂತೆ ಕಳಚಿ ಬಿದ್ದಿತ್ತು. ಅದರ ಹಿಂದಿನ ಮಣ್ಣನ್ನು ಮುಟ್ಟಿದರೆ ಬೆರಳು ಒಳಗೇ ಇಳಿಯುತ್ತಿತ್ತು.

ಆವತ್ತು ಅರ್ಥವಾಗದ್ದು ಆಮೇಲೆ ನಿಧಾನವಾಗಿ ಅರ್ಥವಾಯಿತು. ನಮ್ಮ ಹಳೇ ಮನೆಗಳ ಗೋಡೆ ಬೆಂಗಳೂರಿನ ಗೋಡೆಯ ಹಾಗಲ್ಲ. ನಿಮ್ಮ ಮನೆಯನ್ನೇ ನೋಡು. ಕೆಳಗೆ ಮೂರು ಅಡಿ ಜಂಬಿಟ್ಟಿಗೆ, ಅದರ ಮೇಲೆ ಮಣ್ಣು. ಈಗಿನವರು ಪಾಯದ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿ ನೆಲದ ತೇವ ಮೇಲೆ ಹತ್ತದಂತೆ ತಡೆಯುತ್ತಾರೆ. ನಿಮ್ಮ ಅಜ್ಜ ಮನೆ ಕಟ್ಟಿಸಿದಾಗ ಅದೆಲ್ಲ ಇರಲಿಲ್ಲ. ಹಾಗಾಗಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 1000 ಮಿ.ಮೀ. ಮಳೆ. ನಿಮ್ಮ ಆಗುಂಬೆ ಸೀಮೆಯಲ್ಲಿ ಅದು 7000 ಮಿ.ಮೀ. ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಆ ನಾಲ್ಕು ತಿಂಗಳು ಗೋಡೆ ನೀರು ಕುಡಿಯುತ್ತಲೇ ಇರುತ್ತದೆ.

ಆದರೂ ಮನೆ ಇಷ್ಟು ವರ್ಷ ನಿಂತಿದೆ, ಅಲ್ವಾ? ಯಾಕೆಂದರೆ ಕುಡಿದದ್ದನ್ನು ಅದು ಬಿಸಿಲುಗಾಲದಲ್ಲಿ ಬಿಟ್ಟುಬಿಡುತ್ತಿತ್ತು. ಮಣ್ಣು, ಸುಣ್ಣ, ಗಾರೆ ಎಲ್ಲವೂ ತೇವವನ್ನು ಹೊರಗೆ ಹೋಗಲು ಬಿಡುತ್ತವೆ. ಮೇಲೆ ಹೆಂಚಿನ ಸಂದಿಯಿಂದ ಗಾಳಿ ಆಡುತ್ತದೆ. ಸಿಮೆಂಟ್ ಸಾರಣೆ ಮಾಡಿ ಟೈಲ್ಸ್ ಮುಚ್ಚಿದೆವು ಅಂದರೆ ಆ ದಾರಿ ಬಂದ್. ಒಳಗಿನ ನೀರು ಸುಮ್ನೆ ಕೂರುವುದಿಲ್ಲ. ಇನ್ನೂ ಮೇಲಕ್ಕೆ ಹತ್ತುತ್ತದೆ, ಇಲ್ಲವೇ ಆಚೆ ಬದಿಗೆ ಹೊರಡುತ್ತದೆ. ಜೊತೆಗೆ ಮಣ್ಣಿನ ಉಪ್ಪನ್ನೂ ತರುತ್ತದೆ. ಸಾರಣೆಯ ಹಿಂದೆ ಆ ಉಪ್ಪು ಹರಳುಗಟ್ಟಿ ಉಬ್ಬಿ ಎಲ್ಲವನ್ನೂ ಹೊರಕ್ಕೆ ತಳ್ಳುತ್ತದೆ. ನಿನ್ನ ಎರಡನೇ ಫೋಟೋದಲ್ಲಿ ಅಡುಗೆಮನೆ ಕಡೆಯ ಗೋಡೆಯ ಬುಡದಲ್ಲಿ ಬಿಳೀ ಪುಡಿ ಕಾಣುತ್ತದಲ್ಲ, ಅದು ಇದೇ ಉಪ್ಪು. ಅದರ ಮೇಲೆ ಟೈಲ್ಸ್ ಹಾಕಿದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಆದ್ದರಿಂದ ಮೊದಲ ಕೆಲಸ ಮನೆಯ ಹೊರಗಡೆ. ಬಚ್ಚಲಿನ ಹಿಂಬದಿಗೆ ಹೋಗಿ ನಿಲ್ಲು. ಮಾಡಿನ ನೀರು ಎಲ್ಲಿ ಬೀಳುತ್ತಿದೆ, ಗೋಡೆಗೆ ಎಷ್ಟು ಎರಚುತ್ತಿದೆ ನೋಡು. ಆ ಬದಿಯ ಚರಂಡಿ ಮಣ್ಣು ತುಂಬಿ ನೆಲದ ಮಟ್ಟಕ್ಕೆ ಬಂದಿರಬೇಕು. ಅದನ್ನು ಒಳಗಿನ ನೆಲಕ್ಕಿಂತ ಒಂದಡಿಯಾದರೂ ಕೆಳಗಿರುವ ಹಾಗೆ ತೋಡಿಸು. ಅಜ್ಜನ ಕಾಲದಲ್ಲಿ ಮಳೆಗಾಲ ಹಿಡಿಯುವ ಮೊದಲು ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಕಟ್ಟುವವರಿಲ್ಲ ಅಂತ ಬಿಟ್ಟಿದ್ದೀರಿ. ಅಲ್ಲಿಗೆ ಎರಡು ಅಡಿ ಮಾಡು ಮುಂದಕ್ಕೆ ಎಳೆಸಿದರೆ ಗೋಡೆ ಅರ್ಧ ಒಣಗುತ್ತದೆ. ಇದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡ. ಟೈಲ್ಸ್‌ನಲ್ಲಿ ಬೇಕಾದರೆ ಉಳಿಸು.

ಇನ್ನು ಅಟ್ಟದ ಮೇಲೆ ಒಂದು ಬಾತ್‌ರೂಮ್ ಮಾಡಿಸುವ ಯೋಚನೆ. ಅದನ್ನು ಪೂರ್ತಿ ಬಿಟ್ಟುಬಿಡು ಅಂತ ಕೈಮುಗಿದು ಕೇಳುತ್ತೇನೆ. ಅಟ್ಟ ನಿಂತಿರುವುದು ಮರದ ತೊಲೆ ಮತ್ತು ಹಲಗೆಗಳ ಮೇಲೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಡೆದಾಗ ಸ್ವಲ್ಪ ಬಾಗುತ್ತದೆ. ಟೈಲ್ಸ್ ಬಾಗುವುದಿಲ್ಲ, ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರು ತೊಲೆಯ ತಲೆಯನ್ನು, ಅಂದರೆ ಗೋಡೆಯೊಳಗೆ ಹುಗಿದಿರುವ ತುದಿಯನ್ನು ಕೊಳೆಯಿಸುತ್ತದೆ. ಅದು ಕಣ್ಣಿಗೆ ಕಾಣುವ ಜಾಗವಲ್ಲ. ಕಾಣುವ ಹೊತ್ತಿಗೆ ತೊಲೆ ಜಗ್ಗಿರುತ್ತದೆ. ಹಿಂದಿನವರು ಬಚ್ಚಲನ್ನು ಮನೆಯ ಹಿಂದೆ ಇಳಿಮಾಡಿನ ಕೆಳಗೆ ಇಟ್ಟು, ಅದರ ನೀರನ್ನು ಬಾಳೆಬುಡಕ್ಕೆ ಬಿಟ್ಟದ್ದು ತಿಳಿದೇ ಮಾಡಿದ್ದು. ಅದು ಅಲ್ಲೇ ಇರಲಿ. ರಾತ್ರಿ ಅಕ್ಕ ಅಷ್ಟು ದೂರ ನಡೆಯುವುದು ಕಷ್ಟವಾದರೆ ಹಾದಿಗೆ ಮೆಟ್ಟಿಲು ಇಲ್ಲದ ಹಾಗೆ ಮಾಡಿ ಎರಡು ದೀಪ ಹಾಕಿಸೋಣ.

ಈಗ ಬಚ್ಚಲಿನ ಗೋಡೆ. ಮಣ್ಣಿನ ಗೋಡೆಗೆ ನೇರವಾಗಿ ಟೈಲ್ಸ್ ಅಂಟಿಸುವ ಆಸೆ ಬೇಡ. ಮೇಸ್ತ್ರಿ ಕೋಳಿಬಲೆ ಬಡಿದು ಸಾರಣೆ ಮಾಡಿಕೊಡುತ್ತೇನೆ ಅನ್ನಬಹುದು. ನಾವು 1999ರಲ್ಲಿ ಮಾಡಿದ್ದೂ ಅದನ್ನೇ. ಅದರ ಬದಲು ಒಳಗಡೆ ಬೇರೆಯೇ ಒಂದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಕಟ್ಟಿಸು. ಹಳೇ ಗೋಡೆಗೂ ಅದಕ್ಕೂ ನಡುವೆ ಒಂದೂವರೆ ಇಂಚು ಖಾಲಿ ಬಿಡಬೇಕು. ಆ ಸಂದಿಯ ಮೇಲ್ಭಾಗ ತೆರೆದೇ ಇರಲಿ, ಗಾಳಿ ಆಡಲಿ. ಕೆಲಸದವರು ಮಿಕ್ಕ ಗಾರೆಯನ್ನು ಅದರೊಳಗೆ ಸುರಿಯದಂತೆ ನೋಡಿಕೋ. ಹೊಸ ಗೋಡೆಗೆ ಅದರದೇ ಕಾಂಕ್ರೀಟ್ ಬುಡ ಬೇಕು. ಸೊಂಟದೆತ್ತರಕ್ಕೆ ಒಂದು ತೆಳು ಕಾಂಕ್ರೀಟ್ ಪಟ್ಟಿ, ಒಳಗೆ ಎರಡು ಕಂಬಿ. ಏಳು ಅಡಿ ಎತ್ತರ ಸಾಕು. ಬಚ್ಚಲು ಸುತ್ತಲೂ ಅರ್ಧ ಅಡಿ ಸಣ್ಣದಾಗುತ್ತದೆ ನಿಜ. ಆದರೆ ಹಳೇ ಬಚ್ಚಲುಗಳು ದೊಡ್ಡವು, ಅದು ತಿಳಿಯುವುದಿಲ್ಲ. ಏಳು ಅಡಿಯ ಮೇಲೆ ಹಳೇ ಗೋಡೆ ಹಾಗೇ ಕಾಣಲಿ. ಅದಕ್ಕೆ ಸುಣ್ಣ ಬಳಿಸು, ಪೇಂಟ್ ಬೇಡ.

ಸಂಕ್ರಾಂತಿ ಅಂದೆನಲ್ಲ, ಅದರ ಲೆಕ್ಕ ಹೀಗೆ. ಜನವರಿ ಕೊನೆಗೆ ಹಳೇ ಸಾರಣೆಯನ್ನೆಲ್ಲ ಕೀಳಿಸಿ ಗೋಡೆಯನ್ನು ಒಂದು ತಿಂಗಳು ಬರಿದಾಗಿ ಬಿಡಬೇಕು. ಒಣಗಿತೋ ಇಲ್ಲವೋ ನೋಡಲು ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸು. ಮರುದಿನ ತೆಗೆದು ನೋಡು. ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಹೊಸ ಗೋಡೆಯ ಸಾರಣೆಗೆ ಒಂದು ವಾರ ನೀರು ಹೊಡೆಸಿ, ಆಮೇಲೆ ಮೂರು ವಾರ ಒಣಗಲು ಬಿಡು. ಸಿಮೆಂಟಿಗೆ ಮಳೆಗಾಲದಿಂದ ತೊಂದರೆ ಇಲ್ಲ, ಅದಕ್ಕೆ ತೇವ ಇಷ್ಟವೇ. ತೊಂದರೆ ಆಗುವುದು ಒದ್ದೆಯನ್ನು ಒಳಗಿಟ್ಟು ಮುಚ್ಚಿದಾಗ. ಹತ್ತು ದಿನದಲ್ಲಿ ಇದೆಲ್ಲ ಆಗುವ ಮಾತಲ್ಲ.

ವಾಟರ್‌ಪ್ರೂಫಿಂಗ್ ವಿಷಯದಲ್ಲಿ ಯಾರ ಮಾತಿಗೂ ಮಣಿಯಬೇಡ. ನೀರು ತಡೆಯುವುದು ಟೈಲ್ಸ್ ಅಲ್ಲ, ಅದರ ಹಿಂದಿನ ಆ ಲೇಪ. ಸಿಮೆಂಟಿಗೆ ಪಾಲಿಮರ್ ಬೆರೆಸಿ ಹಚ್ಚುವಂಥದ್ದು ಸಿಗುತ್ತದೆ. ಎರಡು ಸಲ ಹಚ್ಚಬೇಕು. ಮೊದಲನೆಯದು ಅಡ್ಡಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ನೆಲ ಪೂರ್ತಿ, ಸ್ನಾನ ಮಾಡುವ ಜಾಗದ ಗೋಡೆಗೆ ಆರು ಅಡಿ ಎತ್ತರ, ಉಳಿದ ಗೋಡೆಗೆ ಒಂದಡಿಗೆ ಕಡಿಮೆ ಇಲ್ಲದ ಹಾಗೆ. ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಿಸು. ಚೂಪು ಮೂಲೆಯಲ್ಲೇ ಲೇಪ ಬಿರಿಯುವುದು. ಆಮೇಲೆ ನೀರು ಹೋಗುವ ತೂತನ್ನು ಬಟ್ಟೆ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸು. ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಎರಡು ದಿನ ಬಿಡು. ಪೈಪುಗಳನ್ನೂ ಮುಚ್ಚುವ ಮೊದಲೇ ಒತ್ತಡ ಕೊಟ್ಟು ನೋಡಿಸಿ, ಫೋಟೋ ತೆಗೆದಿಟ್ಟುಕೋ. ನಾಳೆ ಎಲ್ಲಿ ಡ್ರಿಲ್ ಹೊಡೆಯಬಾರದು ಅಂತ ಗೊತ್ತಿರುತ್ತದೆ.

ವಾಟ, ಅಂದರೆ ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರು, ಅಡಿಗೆ ಕಾಲು ಇಂಚು ಇರಲಿ. ಆರು ಅಡಿಗೆ ಒಂದೂವರೆ ಇಂಚು ಇಳಿಯಬೇಕು. ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೀನೇ ನೋಡು. ಅಷ್ಟು ವಾಟ ಜಾಸ್ತಿ ಆಯಿತು ಅಂತ ಮೇಸ್ತ್ರಿ ಹೇಳಿದರೂ ಒಪ್ಪಬೇಡ. ಮಳೆಗಾಲದಲ್ಲಿ ನಿಂತ ನೀರು ಒಣಗುವುದೇ ಇಲ್ಲ, ಎರಡು ದಿನಕ್ಕೆ ಪಾಚಿ.

ಟೈಲ್ಸ್ ಯಾವುದು ಅಂತ ಕೇಳಿದ್ದೀಯ. ಬಣ್ಣ ಅಕ್ಕನಿಗೆ ಇಷ್ಟವಾದದ್ದು ತಗೋ. ಆದರೆ ನೆಲಕ್ಕೆ ಹೊಳೆಯುವುದು ಬೇಡವೇ ಬೇಡ. ನೀನು ಆರಿಸಿರುವ ಆ ಎರಡಡಿ ನಾಲ್ಕಡಿಯ ದೊಡ್ಡ ಟೈಲ್ಸ್ ಕೂಡ ಬೇಡ. ದೊಡ್ಡದಕ್ಕೆ ವಾಟ ಕೂರುವುದು ಕಷ್ಟ. ಒಂದಡಿ ಚೌಕದ್ದು, ಒರಟು ಮೈಯದ್ದು ತಗೋ. ಸಂದಿಗಳು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ. ಅಂಗಡಿಯಲ್ಲಿ ಒಂದು ಬಿಲ್ಲೆ ಕೇಳಿ ನೆಲಕ್ಕಿಟ್ಟು, ನೀರು ಸೋಪು ಹಾಕಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ನೋಡು. ನಾಚಿಕೊಳ್ಳಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆವತ್ತು ನಾನು ಹಾಕಿಸಿದ ನೆಲ ಹೊಳೆಯುವಂಥದ್ದು. ಅಮ್ಮ, ನಿನ್ನ ಅಜ್ಜಿ, ಜಾರಿ ಬಿದ್ದದ್ದು ಅದರ ಮೇಲೆಯೇ. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವಳು ಕೋಲಿಲ್ಲದೆ ನಡೆದದ್ದು ನಾನು ನೋಡಲಿಲ್ಲ. ನೀನು ಆಗ ಚಿಕ್ಕವನು, ಅಜ್ಜಿಗೆ ವಯಸ್ಸಾಯಿತು ಅಂತ ಅಂದುಕೊಂಡಿರುತ್ತೀಯ. ಅದು ನಾನು ಮಾಡಿದ ತಪ್ಪು. ಅಕ್ಕನಿಗೆ ಅದು ಆಗಬಾರದು.

ಹಾಗೆಯೇ ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಎಲ್ಲೆಲ್ಲಿ ಬೇಕು ಅಂತ ಟೈಲ್ಸ್‌ಗೆ ಮೊದಲೇ ಅಕ್ಕನನ್ನೇ ನಿಲ್ಲಿಸಿ ಕೈ ಎಟುಕುವ ಎತ್ತರಕ್ಕೆ ಗುರುತು ಹಾಕು. ಆ ಜಾಗದಲ್ಲಿ ಗಟ್ಟಿ ಇಟ್ಟಿಗೆಯೇ ಇರಬೇಕು, ಟೊಳ್ಳು ಬ್ಲಾಕ್ ಅಲ್ಲ.

ಅಂಟಿಸುವ ವಿಧಾನ ನಮ್ಮ ಕಡೆ ಇನ್ನೂ ಹಳೆಯದೇ ನಡೆಯುತ್ತಿದೆ. ಸಿಮೆಂಟ್ ಹಾಲು ಎರೆದು ಕೂರಿಸುತ್ತಾರೆ. ಗೋಡೆಯ ಸಾದಾ ಸೆರಾಮಿಕ್ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಹೀರುತ್ತದೆ, ಅದಕ್ಕೆ ಹೇಗೋ ನಡೆದೀತು. ಗಾಜಿನಂತೆ ಗಟ್ಟಿಯಾಗುವ ಹಾಗೆ ಸುಟ್ಟ ವಿಟ್ರಿಫೈಡ್ ಟೈಲ್ಸ್ ಶೇಕಡಾ 0.5ರಷ್ಟೂ ಹೀರುವುದಿಲ್ಲ. ಸಿಮೆಂಟ್ ಹಾಲು ಅದರ ಬೆನ್ನನ್ನು ಹಿಡಿಯುವುದೇ ಇಲ್ಲ. ಚೀಲದಲ್ಲಿ ಬರುವ ಟೈಲ್ ಅಂಟನ್ನೇ ತಗೋ. ಚೀಲದ ಮೇಲೆ ಟೈಲ್ ಅಂಟಿನ ಭಾರತೀಯ ಮಾನಕದ ಸಂಖ್ಯೆ ಐಎಸ್ 15477 ಅಂತ ಇರಬೇಕು. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೀರಿ ಹರಡಿಸು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಉಂಡೆ ಇಟ್ಟು ಒತ್ತುವವರಿದ್ದಾರೆ. ಆಗ ಬಿಲ್ಲೆಯ ಹಿಂದೆಲ್ಲ ಟೊಳ್ಳು, ಅದರಲ್ಲಿ ನೀರು ಕೂರುತ್ತದೆ. ಸಂಜೆ ಕೆಲಸದವರು ಹೋದ ಮೇಲೆ ಒಂದು ನಾಣ್ಯದಿಂದ ಒಂದೊಂದನ್ನೂ ತಟ್ಟುತ್ತಾ ಹೋಗು. ಡಬ್ ಅಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮರುದಿನವೇ ಕೀಳಿಸು.

ಬಿಲ್ಲೆಗಳ ನಡುವೆ ಎರಡು ಮೂರು ಮಿ.ಮೀ. ಸಂದಿ ಬಿಡಲೇಬೇಕು. ನೆಲದ ಸಂದಿ ತುಂಬಲು ಎಪಾಕ್ಸಿ ಗ್ರೌಟ್, ಗೋಡೆಯ ಸಂದಿಗೆ ಸಾದಾ ಗ್ರೌಟ್ ಸಾಕು. ಗೋಡೆ ನೆಲ ಕೂಡುವ ಮೂಲೆಗೆ ಮಾತ್ರ ಸಿಲಿಕೋನ್ ತುಂಬಿಸು, ಅಲ್ಲಿ ಗಟ್ಟಿ ಗ್ರೌಟ್ ಬಿರಿಯುತ್ತದೆ. ಒಂದು ಪೆಟ್ಟಿಗೆ ಟೈಲ್ಸ್ ಜಾಸ್ತಿ ತಂದು ಅಟ್ಟದಲ್ಲಿಡು.

ಹಂಡೆ ಒಲೆ ತೆಗೆಸುತ್ತೇನೆ ಅಂದಿಲ್ಲ ನೀನು, ಸಂತೋಷ. ಒಲೆಯ ಸುತ್ತ ಎರಡು ಅಡಿ ಟೈಲ್ಸ್ ಹಾಕಿಸಬೇಡ. ದಿನಾ ಕಾದು ಆರಿ ಅಂಟು ಬಿಡುತ್ತದೆ. ಅಲ್ಲಿ ಇಟ್ಟಿಗೆ ಮತ್ತು ಕಡಪಾ ಕಲ್ಲು ಇರಲಿ. ಚಳಿಗಾಲದ ಬೆಳಿಗ್ಗೆ ತಣ್ಣಗಿನ ಟೈಲ್ಸ್‌ಗೆ ಬಿಸಿನೀರಿನ ಹಬೆ ತಾಗಿ ಹನಿ ಇಳಿಯುತ್ತದೆ. ಅದಕ್ಕೆ ಮಾಡಿನ ಕೆಳಗಿನ ಜಾಲಂದ್ರ ಮುಚ್ಚಬೇಡ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸು.

ಈ ಹಬ್ಬಕ್ಕೆ ಸದ್ಯ ರಬ್ಬರ್ ಚಾಪೆ ಎರಡು ಮತ್ತು ಕೂತು ಸ್ನಾನ ಮಾಡಲು ಅಗಲ ಕಾಲಿನ ಒಂದು ಎತ್ತರದ ಸ್ಟೂಲ್ ತಂದುಕೊಡು. ನೆಲದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ನೀನೇ ತಿಕ್ಕು, ಅಕ್ಕನಿಗೆ ಬಿಡಬೇಡ.

ಇನ್ನೊಂದು ಕೆಲಸ ಇದೆ. ಬಂದ ದಿನವೇ ಬಚ್ಚಲಿನ ನಾಲ್ಕೂ ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಹತ್ತಿದೆ ಅಂತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರಿ. ಅಡುಗೆಮನೆಯ ಬದಿಯಲ್ಲೂ ಎಳಿ, ಆ ಬದಿಯ ಸಾರಣೆಯನ್ನು ನಾವು ಕೀಳುವುದಿಲ್ಲ. ಶಿವರಾತ್ರಿಗೆ ನಾನು ತೂಗುಗುಂಡು, ರಸಮಟ್ಟ ಎರಡನ್ನೂ ಹಿಡಿದುಕೊಂಡು ಬರುತ್ತೇನೆ. ಗೆರೆಯಿಂದ ತೇವ ಎಷ್ಟು ಕೆಳಗಿಳಿದಿದೆ ಅಂತ ಇಬ್ಬರೂ ನೋಡಿ, ಅಲ್ಲಿಂದ ಕೆಲಸ ಶುರು ಮಾಡೋಣ.

ಅಕ್ಕನಿಗೆ ಕೇಳಿದೆ ಅಂತ ಹೇಳು. ಕಳಲೆ ಉಪ್ಪಿನಕಾಯಿ ಕಳಿಸಿದ್ದೇನೆ.

ನಿನ್ನ ಮಾವ