ಫೋನು ನೋಡುವವರ ಮುಂದೆ ವೀಣೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಒಂದು ಸಾಲು ಎರಡು ದಿನದಿಂದ ತಲೆ ತಿನ್ನುತ್ತಿದೆ: ‘ಅತ್ತೆ, ಹಾಡಿದರೆ ಜನ ಕಣ್ಣೊರೆಸಿಕೊಳ್ತಾರೆ, ನಾನು ವೀಣೆ ನುಡಿಸಿದರೆ ಫೋನು ನೋಡ್ತಾರೆ. ಮಾತೇ ಇಲ್ಲದ ಮೇಲೆ ಏನು ತಾನೇ ತಲುಪುತ್ತೆ?’

ಪಕ್ಕದ ಮನೆಯ ದನಿ ಗೋಡೆಯಾಚೆಯಿಂದ ಕೇಳಿಸುವಾಗ ಒಂದು ಪದವೂ ತಿಳಿಯುವುದಿಲ್ಲ. ಆದರೂ ಜಗಳವೋ, ಮಗು ಮಲಗಿಸುತ್ತಿದ್ದಾರೋ, ಯಾರೋ ಅಳುತ್ತಿದ್ದಾರೋ ಗೊತ್ತಾಗಿಬಿಡುತ್ತದೆ. ದನಿ ಎಲ್ಲಿ ಏರಿತು, ಎಷ್ಟು ನಿಧಾನ ಇಳಿಯಿತು, ಎಲ್ಲಿ ತಡೆಯಿತು, ಅಷ್ಟು ಸಾಕು. ವೀಣೆಯಲ್ಲಿ ಆ ಕೆಲಸ ಎಡಗೈಯದು. ಬಲಗೈ ಸದ್ದು ಹುಟ್ಟಿಸಿಕೊಡುತ್ತದೆ, ಅಷ್ಟೇ.

ತೋಡಿ ರಾಗದ ಗಾಂಧಾರವನ್ನೇ, ಅದರ ‘ಗ’ ಸ್ವರವನ್ನೇ ತೆಗೆದುಕೋ. ಹೆಸರಿಗೆ ಸಾಧಾರಣ ಗಾಂಧಾರ, ಖರಹರಪ್ರಿಯ ರಾಗದ್ದೂ ಅದೇ. ಆದರೆ ತೋಡಿಯಲ್ಲಿ ಶುದ್ಧ ರಿಷಭದ (‘ರಿ’ಯ) ಮೆಟ್ಟಿಲಲ್ಲಿ ಬೆರಳಿಟ್ಟು ತಂತಿಯನ್ನು ಮಧ್ಯಮದ (‘ಮ’ದ) ಕಡೆಗೆ ಎಳೆದು ತೂಗುತ್ತೀಯ, ಖರಹರಪ್ರಿಯದಲ್ಲಿ ಚತುಶ್ರುತಿ ರಿಷಭದಿಂದ ಹೊರಡುತ್ತೀಯ. ಒಂದೇ ಮೆಟ್ಟಿಲ ವ್ಯತ್ಯಾಸ, ಎದೆಯಲ್ಲಿ ಆಗುವುದೇ ಬೇರೆ. ಅದೇ ಗಾಂಧಾರವನ್ನು ಸ್ವಂತ ಮೆಟ್ಟಿಲಲ್ಲಿ ಅಲುಗಿಸದೆ ನಿಲ್ಲಿಸಿದರೆ ತೋಡಿ ಜಾರಿ ಸಿಂಧುಭೈರವಿಯ ನೆರಳು ಬೀಳುತ್ತದೆ. ಇದು ನಿನಗೆ ಗೊತ್ತಿರುವುದೇ. ನಾನು ಹೇಳಬೇಕೆಂದಿದ್ದು ತೂಗುವ ವೇಗ. ಅವಸರದಲ್ಲಿ ತೂಗಿದರೆ ಅದು ಕರುಣೆಯಾಗಿ ಕೇಳುವುದಿಲ್ಲ, ಚಳಿಗೆ ನಡುಗಿದ ಹಾಗೆ ಕೇಳುತ್ತದೆ.

ಫೋನು ನೋಡುತ್ತಾರೆ ಅಂದೆಯಲ್ಲ. ನೀನು ಕಳಿಸಿದ ದೇವರನಾಮವನ್ನು ಮತ್ತೆ ಕೇಳಿದೆ. ‘ಬಾರೋ’ ಅನ್ನುವಲ್ಲಿ ಏಳು ಮೀಟು ಹಾಕಿದ್ದೀಯ. ‘ಬಾ’ಗೆ ಒಂದು, ‘ರೋ’ಗೆ ಒಂದು, ಮಿಕ್ಕ ಸ್ವರಗಳೆಲ್ಲ ಆ ನಾದದ ಮೇಲೇ ಎಳೆದು, ಜಾರಿಸಿ ಬರಬೇಕು. ಸ್ವರಕ್ಕೊಂದು ಮೀಟಾದರೆ ಕರೆಯೋಲೆ ಚೂರಾಗುತ್ತದೆ, ಕರೆದಂತಾಗುವುದಿಲ್ಲ. ವೀಣೆಯ ನಾದ ಹುಟ್ಟಿದ ಗಳಿಗೆಯಿಂದಲೇ ಆರುತ್ತ ಹೋಗುತ್ತದೆ, ಖಾಲಿ ಬಿಡಲು ಭಯ, ಭಯಪಟ್ಟಷ್ಟೂ ಮೀಟು. ಈ ಭಯ ನನಗೆ ಹೊಸದಲ್ಲ. ದ್ರುತಗತಿಯ ವೇಗದ ಹಿಂದೆ ಬಚ್ಚಿಟ್ಟುಕೊಂಡ ವರ್ಷಗಳು ಈಗ ವಾಪಸು ಬರುವುದಿಲ್ಲ, ಹೋಗಲಿ.

ಎಳೆಯುವುದಾದರೆ ನಾದ ಇನ್ನೂ ಜೀವಂತವಿರುವಾಗಲೇ ಎಳೆ. ಆರಿದ ಮೇಲೆ ಎಳೆದರೆ ತಂತಿ ಉಜ್ಜಿದ ಸದ್ದು ಮಾತ್ರ. ಎಡಬೆರಳಿಗೆ ಕೊಬ್ಬರಿ ಎಣ್ಣೆ ಒಂದು ಹನಿ ಸಾಕು. ನೀಳ ಸ್ವರದಲ್ಲಿ ನಿಂತಾಗ ಬಲಗೈ ಕಿರುಬೆರಳು ಸುಮ್ಮನಿರಲಿ, ಅದು ಮೀಟುವ ಮೂರು ತಾಳದ ತಂತಿಗಳ ಝೇಂಕಾರದಲ್ಲಿ ಗಮಕದ, ಆ ತೂಗುವಿಕೆಯ, ಬಾಲ ಮುಚ್ಚಿಹೋಗುತ್ತದೆ.

ಜೋರಾಗಿ ನುಡಿಸಿದರೆ ತಲುಪೀತೇ ಅಂತಲೂ ನೀನು ಕೇಳಿದ್ದೆ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಮಾಡಿಸಿದ್ದು ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ಕೇಳಲೆಂದು. ನಿನಗೆ ಮೈಕು ಇದೆ, ನಿನ್ನ ತೊಡಕು ಅದಲ್ಲ. ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಅವರ ಮೀಟು ಕೇಳು. ಮೀಟಿದ್ದಕ್ಕಿಂತ ಆಮೇಲೆ ಉಳಿದದ್ದೇ ಹೆಚ್ಚು. ಹಾಂ, ವೀಣೆಗೆ ಅಂಟಿಸುವ ಮೈಕಾದರೆ ಉಗುರಿನ ಟಕಟಕವೇ ಮುಂದಾಗುತ್ತದೆ. ಟ್ರೆಬಲ್ ಸ್ವಲ್ಪ ಇಳಿಸಲು ಹೇಳು.

ಹಾಡಿದರೆ ಅಳುತ್ತಾರೆ ಅಂದೆಯಲ್ಲ. ಆಲಾಪನೆಯಲ್ಲಿ ಹಾಡುವವರ ಬಾಯಲ್ಲಿ ಮಾತೆಲ್ಲಿದೆ? ತಾನದಲ್ಲಿ ‘ಅನಂತಂ’ ಅಂದಾಗ ಅರ್ಥ ಹುಡುಕುತ್ತ ಯಾರೂ ಕೂರುವುದಿಲ್ಲ. ದೇವರನಾಮದಲ್ಲಿ ಪದ ನೆನೆದೇ ಕಣ್ಣೊರೆಸುವವರು ಇದ್ದಾರೆ, ಅದು ಸುಳ್ಳಲ್ಲ. ಅಲ್ಲಿಯ ಜನಕ್ಕೆ ಕನ್ನಡ ಬಾರದಿದ್ದರೆ ನುಡಿಸುವ ಮೊದಲು ಒಂದು ವಾಕ್ಯ ಹೇಳಿಬಿಡು. ಸಣ್ಣ ಮೋಸ ಅನ್ನಿಸಬಹುದು ನಿನಗೆ, ನನಗೂ ಪೂರಾ ಒಪ್ಪಿಗೆಯಿಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ, ಶ್ರುತಿಯ ಜೊತೆ, ಸಾಲನ್ನು ಮೆಲ್ಲಗೆ ಹಾಡುತ್ತ ನುಡಿಸು. ಉಸಿರು ತೆಗೆದುಕೊಂಡ ಕಡೆ ಬಲಗೈ ಎತ್ತಿಬಿಡು. ಬೇಸರವಾದರೆ ಬೇಡ.

ಗಾಂಧಾರ ಒಂದನ್ನೇ ರೆಕಾರ್ಡ್ ಮಾಡಿ ಕಳಿಸು, ಎರಡು ನಿಮಿಷ. ಫೋನು ವೀಣೆಯ ಕೊಡದ ಪಕ್ಕದಲ್ಲಿ ಬೇಡ, ಒಂದು ಮಾರು ದೂರದಲ್ಲಿರಲಿ. ಹೋದ ಸಲ ನಿನ್ನ ಬಳೆಯೇ ಹೆಚ್ಚು ಕೇಳಿಸಿತು.

ಇಂತಿ,
ಅತ್ತೆ