ಸಾಲಿನ ಕೊನೆಯ ಹನಿಯನ್ನೂ ಅಳೆದು ನೋಡು

ಸುಂಟಿಕೊಪ್ಪ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಮುಗಿಯಿತು. ಕೆರೆಯ ತಳ ಕಾಣುತ್ತಿದೆ. ಅಮೆರಿಕದ ನೆವಾಡಾದ ಚಿನ್ನದ ಗಣಿಯಲ್ಲಿ ಅದಿರಿನ ರಾಶಿಯ ಮೇಲೆ ಸಯನೈಡ್ ದ್ರಾವಣ ಹನಿಸಲು ಹೊಸ ಡ್ರಿಪ್ ಹಾಕಿಸುವ ಹೊಣೆ ನಿನಗೆ ಸಿಕ್ಕಿದೆ ಎಂದು ಕೇಳಿದಾಗಿನಿಂದ ನನಗೆ ಅದೇ ಯೋಚನೆ.

2001ರಲ್ಲಿ ಕೋಲಾರದ ಗಣಿ ಮುಚ್ಚುವವರೆಗೆ ನಾನು ಅದಿರಿನ ಚಿನ್ನವನ್ನು ಸಯನೈಡಿನಲ್ಲಿ ಕರಗಿಸಿ ತೆಗೆಯುವ ಕೆಲಸದಲ್ಲೇ ಇದ್ದವನು. ಅಲ್ಲಿ ಅದಿರನ್ನು ಹಿಟ್ಟಿನ ಹಾಗೆ ಪುಡಿ ಮಾಡುತ್ತಿದ್ದೆವು, ದ್ರಾವಣ ಕಣಕಣಕ್ಕೂ ತಾಗುತ್ತಿತ್ತು. ನಿನ್ನ ರಾಶಿಯಲ್ಲಿ ಇರುವುದು ಜಲ್ಲಿಯಂಥ ಕಲ್ಲು. ದ್ರಾವಣ ಹರಿದ ಜಾಗದ ಚಿನ್ನ ಕೆಳಗಿನ ಕೊಳಕ್ಕೆ ಬರುತ್ತದೆ, ಒಣಗಿದ ಜಾಗದ್ದು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಪದರ ಅದಿರು ಸುರಿದ ಮೇಲೆ ಆ ಜಾಗವನ್ನು ನೆನೆಸುವುದು ತುಂಬಾ ಕಷ್ಟ ಅಲ್ವಾ?

ಊರಿಗೆ ಬಂದ ಹೊಸದರಲ್ಲಿ ಇಳಿಜಾರಿನ ಮೆಣಸಿಗೆ ಅಗ್ಗದ ಡ್ರಿಪ್ಪರ್ ಹಾಕಿದ್ದೆ. ಕೆಳಗಿನ ಬಳ್ಳಿಗಳ ಬುಡದಲ್ಲಿ ಕೆಸರು, ಮೇಲಿನ ಬಳ್ಳಿಗಳಿಗೆ ತೇವವೇ ಇಲ್ಲ. ಮಳೆಗಾಲ ಬಂದಾಗ ಕೆಳಸಾಲಿಗೆ ಸೊರಗು ರೋಗ ತಗುಲಿ ಬಳ್ಳಿಗಳು ಹೋದವು. 10 ಮೀಟರ್ ಇಳಿದರೆ ಪೈಪಿನಲ್ಲಿ ಸುಮಾರು 1 ಬಾರ್ ಒತ್ತಡ ಏರುತ್ತದೆ. ಸಾದಾ ಡ್ರಿಪ್ಪರಿನಲ್ಲಿ ಒತ್ತಡ ಎರಡು ಪಟ್ಟಾದರೆ ನೀರು ಸುಮಾರು 40% ಜಾಸ್ತಿ ಬರುತ್ತದೆ. ಆಮೇಲೆ ಒಳಗೆ ಸಿಲಿಕೋನ್ ಪೊರೆ ಇರುವ ಡ್ರಿಪ್ಪರ್ ಹಾಕಿಸಿದೆ. ಒತ್ತಡ ಏರಿದರೆ ಆ ಪೊರೆಯೇ ದಾರಿಯನ್ನು ಕಿರಿದು ಮಾಡುತ್ತದೆ. ರಾಶಿಯ ಇಳಿಜಾರು ಬದಿಗಳಿಗಾದರೂ ನೀನು ಇಂಥದ್ದನ್ನೇ ಕೇಳಬೇಕು. ಬೆಲೆ ಜಾಸ್ತಿ ಎಂದು ಮೇಲಿನವರು ಹೇಳಿದರೂ ಬಿಡಬೇಡ.

ಅಂತರದ ಲೆಕ್ಕವನ್ನು ನೀನೇ ಹಾಕು. ಚದರ ಮೀಟರಿಗೆ ಗಂಟೆಗೆ 10 ಲೀಟರ್ ಬೇಕಾದರೆ, ಗಂಟೆಗೆ 2 ಲೀಟರಿನ ಡ್ರಿಪ್ಪರನ್ನು ಉದ್ದಕ್ಕೂ ಅಡ್ಡಕ್ಕೂ 45 ಸೆಂಟಿಮೀಟರಿಗೊಂದು ಇಟ್ಟರೆ ಸರಿಹೋಗುತ್ತದೆ. 4 ಲೀಟರಿನದನ್ನು ದೂರ ದೂರ ಇಟ್ಟರೂ ಕಾಗದದ ಮೇಲೆ ಅಷ್ಟೇ ಬರುತ್ತದೆ. ಆದರೆ ನಮ್ಮ ತೋಟದ ಮಣ್ಣಿನ ಹಾಗೆ ದಪ್ಪ ಕಲ್ಲು ನೀರನ್ನು ಪಕ್ಕಕ್ಕೆ ಎಳೆಯುವುದಿಲ್ಲ, ಹನಿ ನೇರ ಕೆಳಗೆ ಇಳಿದುಬಿಡುತ್ತದೆ. ಹಾಗಾಗಿ ಸಣ್ಣ ಹನಿ, ಹತ್ತಿರ ಹತ್ತಿರ. ಇನ್ನು ರಾಶಿಯ ಮೇಲೆ ನೀರು ನಿಂತರೆ ಅದು ಡ್ರಿಪ್ಪಿನ ತಪ್ಪಲ್ಲದೇ ಇರಬಹುದು. ಅಡಿಯಲ್ಲಿ ಜೇಡಿಯೋ ಗಟ್ಟಿಯಾದ ಪುಡಿಯೋ ಇದೆಯಾ ಎಂದು ಅಗೆದು ನೋಡು.

ಈಗ ಹೇಳುವುದನ್ನು ಎರಡು ಸಲ ಓದು. ನಮ್ಮ ಬೋರ್‌ವೆಲ್ ನೀರಿನ ಬಿಳಿ ಪದರ ಪೈಪಿನಲ್ಲಿ ಕಟ್ಟಿದರೆ ಆಸಿಡ್ ಬಿಟ್ಟು ತೊಳೆಯುತ್ತೇವೆ. ನಿನ್ನಲ್ಲೂ ಸುಣ್ಣ ಹಾಕಿದ ದ್ರಾವಣ ಬಿಳಿಯ ಪದರ ಕಟ್ಟಿ ತೂತು ಮುಚ್ಚುತ್ತದೆ. ತೋಟದ ಬುದ್ಧಿಯಿಂದ ಅಲ್ಲಿ ಆಸಿಡ್ ಮುಟ್ಟಬೇಡ ಮಗಳೇ. ಸಯನೈಡಿಗೆ ಆಸಿಡ್ ಸೇರಿದರೆ ಜೀವ ತೆಗೆಯುವ ಗಾಳಿ ಏಳುತ್ತದೆ. ದ್ರಾವಣದ ಪಿಎಚ್ 10ಕ್ಕಿಂತ ಮೇಲೆ ಇರಬೇಕು ಎನ್ನುವುದು ಅದಕ್ಕೇ. ಪದರ ಕಟ್ಟದ ಹಾಗೆ ಮೊದಲೇ ಔಷಧಿ ಸೇರಿಸು, ಒಳ್ಳೆಯ ಫಿಲ್ಟರ್ ಹಾಕಿಸು, ಲೈನಿನ ತುದಿ ಬಿಚ್ಚಿ ಆಗಾಗ ಹರಿಸು. ಮುಚ್ಚಿಹೋದ ಲೈನನ್ನು ಬದಲಿಸಿಬಿಡು. ಪೈಪ್ ದುಡ್ಡಿಗೆ ಸಿಗುತ್ತದೆ. ಕೆಲಸದವರು ಅವಸರದಲ್ಲಿ ಬಾಯಲ್ಲಿ ಊದಿ ತೆಗೆಯಲು ಹೋಗದ ಹಾಗೆ ನಿಂತು ನೋಡಿಕೋ.

ಹೊಸ ಡ್ರಿಪ್ ಹಾಕಿದ ದಿನ ಸಾಲಿನ ಮೊದಲ, ನಡುವಿನ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಅಳತೆ ಲೋಟ ಇಡಿಸು. ಕೈಗವಸು ಹಾಕಿಕೊಂಡೇ ಮಾಡಿ. ತಿಂಗಳಾದ ಮೇಲೆ ಅದೇ ಜಾಗದಲ್ಲಿ ಮತ್ತೊಮ್ಮೆ. ಎರಡೂ ಸಲದ ಅಳತೆಯನ್ನು ನನಗೆ ಬರೆದು ಕಳಿಸು. ನಿನ್ನ ದೊಡ್ಡಮ್ಮ ಕಾಫಿಪುಡಿ ಪಾರ್ಸಲ್ ಮಾಡಿದ್ದಾಳೆ.

ನಿನ್ನ ಪ್ರೀತಿಯ,
ದೊಡ್ಡಪ್ಪ